ಮೈನಸ್ ಮೂವತ್ತರ ಬೆಂಚು

ಗದಗಿನ ವಿಠಲ ಮಲೇಶಿಯಾದ ಪುಚೊಂಗಿನ ಕೆನಾಂಗಾ ಕಾಂಡೊಮಿನಿಯಮ್ಮಿನ ಹನ್ನೊಂದನೆಯ ಮಹಡಿಯಲ್ಲಿ ಎಂಟು ವರ್ಷದಿಂದ ಇದ್ದಾನೆ. ಆದರೂ ಪುಚೊಂಗಿನಲ್ಲಿ ಬಿಸಿಲು ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ, ಈಗಲೇ ನಂಬಬೇಡಿ. ಪೂರ್ತಿ ಕೇಳಿ, ಆಮೇಲೆ ನಿಮ್ಮಿಷ್ಟ.

ಬೆಳಗ್ಗೆ ಆರೂಮುಕ್ಕಾಲಿಗೆ, ಸೂರ್ಯ ಇನ್ನೂ ಹುಟ್ಟುವ ಮೊದಲೇ, ಅವನು ಮನೆ ಬಿಡುತ್ತಿದ್ದ. ಎಲ್‌ಆರ್‌ಟಿ ರೈಲಿನಲ್ಲಿ ಎ.ಸಿ. ಬಾಂಗ್ಸಾರಿನ ಆಫೀಸಿನಲ್ಲಿ ಅದರಪ್ಪನಂಥ ಎ.ಸಿ.; ಹದಿನೆಂಟು ಡಿಗ್ರಿಗೆ ಇಟ್ಟು ರಿಮೋಟನ್ನು ಯಾರೋ ಕಳೆದುಹಾಕಿ ನಾಲ್ಕು ವರ್ಷವಾಗಿತ್ತು. ವಿಠಲ ಅಲ್ಲಿ ಸ್ವೆಟರು ತೊಟ್ಟು, ಮಂಕಿ ಕ್ಯಾಪು ಇಳಿಸಿಕೊಂಡು ಕೆಲಸ ಮಾಡುತ್ತಿದ್ದ. ಊಟ ಮೇಜಿನ ಮೇಲೆಯೇ. ಸಂಜೆ ಎಂಟಕ್ಕೆ ಮನೆಗೆ ಮರಳುವ ಹೊತ್ತಿಗೆ ಸೂರ್ಯ ಡ್ಯೂಟಿ ಮುಗಿಸಿ ಹೋಗಿರುತ್ತಿದ್ದ. ಶನಿವಾರ ಭಾನುವಾರಗಳಲ್ಲಿ ಪರದೆ ಎಳೆದುಕೊಂಡು ಮಲಗುತ್ತಿದ್ದ. ಹೀಗೆ ಸೂರ್ಯನೂ ವಿಠಲನೂ ಒಂದೇ ಊರಿನಲ್ಲಿ ಎಂಟು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಬಾಳಿದರು.

ಆದರೆ ಕೆನಡಾದ ಬಿಸಿಲಿನ ವಿಷಯ ಕೇಳಿ ಅವನನ್ನು! ಅವನ ಆಫೀಸು ಕೆನಡಾದ ಒಂದು ಚಳಿಯೂರಿಗೆ ನಕ್ಷೆ ಬರೆದು ಕಳಿಸುವ ಆಫೀಸು. ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲೂ ಜನ ಮನೆಯೊಳಗೆ ಮುದುರಿಕೊಳ್ಳದೆ ಚೌಕಗಳಲ್ಲಿ, ಬಸ್ ನಿಲ್ದಾಣಗಳ ಪಕ್ಕದಲ್ಲಿ, ಬೀದಿಯ ಮೂಲೆಗಳಲ್ಲಿ ಹಾಯಾಗಿ ಕೂತು ನಾಲ್ಕು ಮಾತಾಡಬೇಕು, ಅದಕ್ಕೆ ತಕ್ಕ ಜಾಗ ಮಾಡಿಕೊಡುವುದು ಆ ಕಂಪನಿಯ ಧಂದೆ. ಅದರ ಸೂತ್ರಗಳು ವಿಠಲನಿಗೆ ಬಾಯಿಪಾಠ. ಗಾಳಿಯನ್ನು ಗೋಡೆ ಹಾಕಿ ತಡೆ. ಬಿಸಿಲು ಬರುವ ದಿಕ್ಕನ್ನು ತೆರೆದಿಡು. ಕಪ್ಪು ಕಲ್ಲಿನ ಬೆಂಚು ಹಾಕು, ಕಲ್ಲು ಬಿಸಿಲು ಕುಡಿದು ಬೆಚ್ಚಗಿರುತ್ತದೆ. ಡಿಸೆಂಬರ್ ಇಪ್ಪತ್ತೊಂದರ ಮಧ್ಯಾಹ್ನ ಆ ಊರಿನ ಅಂಚೆ ಕಚೇರಿಯ ನೆರಳು ಎಷ್ಟು ಉದ್ದ ಬೀಳುತ್ತದೆ ಎಂದು ಅವನು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಹಿಮವನ್ನು ಅವನು ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಚೌಕವನ್ನು ಡಿಸೈನ್ ಮಾಡುವವರು ಬೇರೆಯವರು. ವಿಠಲನದು ಕೊನೆಯ ಕೆಲಸ: ಬರೆದು ಮುಗಿದ ನಕ್ಷೆಯೊಳಗೆ ಜನರನ್ನು ಕೂರಿಸುವುದು. ಖಾಲಿ ಬೆಂಚಿನ ಚಿತ್ರ ನೋಡಿದರೆ ಯಾವ ನಗರಸಭೆಯೂ ಒಪ್ಪುವುದಿಲ್ಲವಲ್ಲ, ಅದಕ್ಕೆ. ಉಣ್ಣೆಕೋಟು ತೊಟ್ಟ ಇನ್ನೂರ ಹನ್ನೆರಡು ಬೊಂಬೆಜನ ಅವನ ಕಂಪ್ಯೂಟರಿನಲ್ಲಿದ್ದರು. ಎಲ್ಲರಿಗೂ ಅವನೇ ಹೆಸರಿಟ್ಟಿದ್ದ. ಕೆಂಪು ಮಫ್ಲರಿನ ಮುದುಕಿ ಚಂದ್ರಮ್ಮ. ನಾಯಿ ಹಿಡಿದವನು ಅನಿಲ. ಯಾವ ನಕ್ಷೆಯಲ್ಲೂ ಅವನು ಯಾರನ್ನೂ ಬೆಂಚಿನ ಮೇಲೆ ಒಂಟಿಯಾಗಿ ಕೂರಿಸಿದವನಲ್ಲ. ಚಂದ್ರಮ್ಮನ ಪಕ್ಕಕ್ಕೆ ಅನಿಲ ಇಲ್ಲದಿದ್ದರೆ ಕಡೇಪಕ್ಷ ಅನಿಲನ ನಾಯಿಯಾದರೂ ಇರಬೇಕು.

ಅವನ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ. ವಯಸ್ಸು ಐವತ್ತೊಂದು. ಮದುವೆಯಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಈಗ ಕೇಳುವುದನ್ನು ಬಿಟ್ಟಿದ್ದರು. ದಿನಕ್ಕೆ ಅವನು ಬಾಯಿಬಿಟ್ಟು ಆಡುತ್ತಿದ್ದ ಮಾತು ಎರಡೇ, ಅದೂ ಮನೆಯ ಕೆಳಗಿನ ಮಾಮಕ್ ತಿಂಡಿ ಅಂಗಡಿಯಲ್ಲಿ: "ಎರಡು ರೊಟಿ ಚಾನಾಯ್. ತಪಾವ್." ಪೊಟ್ಟಣ ಕಟ್ಟಿಸಿಕೊಂಡು ಲಿಫ್ಟು ಹತ್ತಿದರೆ ಆ ದಿನದ ಮಾತುಕತೆ ಮುಗಿದಂತೆ. ಒಮ್ಮೊಮ್ಮೆ ಪೊಟ್ಟಣ ಬಿಚ್ಚುವಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಸಾರಿನ ಖಾರ ಎಂದುಕೊಳ್ಳುತ್ತಿದ್ದ.

ಇಂಥವನು ದೀಪಾವಳಿಯ ದಿನ ಕಾಂಡೊದ ಹಾಲ್‌ನಲ್ಲಿ ನಡೆದ ಮಕಾನ್ ಪಾರ್ಟಿಗೆ, ಅಂದರೆ ಊಟದ ಕೂಟಕ್ಕೆ, ಹೋದ. ಅಲ್ಲಿ ಏಳನೆಯ ಮಹಡಿಯ ಡಾಕ್ಟರ್ ಕೀರ್ತಿರಾಜರ ಕೈಗೆ ಸಿಕ್ಕಿಬಿದ್ದ. ಉಡುಪಿ ಕಡೆಯವರು, ನಿಲಾಯಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು. ವಡೆ ಕಚ್ಚುತ್ತ, "ನೀವು ಎಂತ ಮಾಡ್ಕೊಂಡಿದ್ದೀರಿ?" ಎಂದು ಕೇಳಿದರು.

ಈ ಪ್ರಶ್ನೆಗೆ ವಿಠಲ ಯಾವಾಗಲೂ "ಡ್ರಾಯಿಂಗ್ ಕೆಲಸ್ರಿ" ಎನ್ನುತ್ತಿದ್ದ. ಕೇಳಿದವರು "ಓ" ಎಂದು ಚಟ್ನಿಯ ಕಡೆ ಸರಿಯುತ್ತಿದ್ದರು. ಅವತ್ತು ಏನು ಬಂತೋ ಬುದ್ಧಿಗೆ, "ಚಳಿದೇಶದಾಗ ಜನಾ ಹೊರಗ ಕುಂದ್ರೂ ಜಾಗಾ ಡಿಸೈನ್ ಮಾಡತೇನ್ರಿ. ಕೆನಡಾದಾಗ. ಮೈನಸ್ ಮೂವತ್ತರಾಗ ಕುಂದರಸ್ತೇನ್ರಿ" ಎಂದುಬಿಟ್ಟ.

ಕೀರ್ತಿರಾಜರ ವಡೆ ಬಾಯಿಯ ಹತ್ತಿರ ನಿಂತಿತು. "ಮೈನಸ್ ಮೂವತ್ತರಲ್ಲಾ?" ಎಂದು ಅವರು ಕೂಗಿದ್ದು ಹಾಲ್‌ನ ಆ ತುದಿಯವರೆಗೆ ಕೇಳಿತು. ಆ ತುದಿಯಲ್ಲಿ ಮೇಡಂ ಲಿಮ್ ಇದ್ದರು. ರಿಟೈರಾದ ಹೆಡ್‌ಮಿಸ್ಟ್ರೆಸ್, ಈಗ ನಿವಾಸಿಗಳ ಸಮಿತಿಯ ಅಧ್ಯಕ್ಷೆ. ಶಾಲೆ ಬಿಟ್ಟರೂ ಬೆತ್ತ ಹಿಡಿಯುವ ಕೈಯ ಭಂಗಿ ಬಿಟ್ಟಿರಲಿಲ್ಲ. ಎರಡು ಬ್ಲಾಕುಗಳ ನಡುವೆ ತಗಡಿನ ಚಾವಣಿ ಹಾಕಿದ ಮೂಲೆಯೊಂದಿತ್ತು. ಐದು ವರ್ಷದಿಂದ ಅಲ್ಲಿ ಬೆಕ್ಕುಗಳಲ್ಲದೆ ಯಾರೂ ಕೂತದ್ದಿಲ್ಲ. ನಗರಸಭೆಯವರು 'ನೆರೆಹೊರೆಯ ಸ್ನೇಹದ ಮೂಲೆ' ಎಂಬ ಸ್ಪರ್ಧೆ ಇಟ್ಟಿದ್ದರು, ಮೇಡಂ ಲಿಮ್‌ಗೆ ಆ ಸರ್ಟಿಫಿಕೇಟು ಬೇಕೇ ಬೇಕಿತ್ತು. ಕೀರ್ತಿರಾಜರಿಂದ ವಿಷಯ ತಿಳಿದು, ಆ ಮೂಲೆಯನ್ನು ಅಲ್ಲೇ ವಿಠಲನಿಗೆ ಒಪ್ಪಿಸಿದರು.

ಮುಂದಿನ ವಾರ ಸಮಿತಿಯ ಸಭೆ. ವಿಠಲ ನಕ್ಷೆ ಹರಡಿದ. ಚಾವಣಿ ತೆಗೆಯಬೇಕು, ಅದು ಬಿಸಿಲನ್ನು ತಡೆಯುತ್ತದೆ. ಮರದ ಕೊಂಬೆ ಸವರಬೇಕು, ಅದೂ ತಡೆಯುತ್ತದೆ. ಉತ್ತರಕ್ಕೂ ಪಶ್ಚಿಮಕ್ಕೂ ಎತ್ತರದ ಗೋಡೆ, ಗಾಳಿ ನುಗ್ಗಬಾರದು. ನಡುವೆ ಕಪ್ಪು ಗ್ರಾನೈಟಿನ ಎರಡು ಬೆಂಚು, ಎದುರುಬದುರು.

ಎ ಬ್ಲಾಕಿನ ಸೆಲ್ವಂ, ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ಮುದುಕನಾದವರು, ಕೈ ಎತ್ತಿದರು. "ಮೇಡಂ, ಇಲ್ಲಿ ವೆಯಿಲು, ಬಿಸಿಲು, ಜಾಸ್ತಿ ಲಾ. ಚಾವಣಿ ತೆಗೆದ್ರೆ ಜನ ಬೇಯ್ತಾರೆ."

ಮೇಡಂ ಲಿಮ್ ಕನ್ನಡಕ ಕೆಳಗಿಳಿಸಿ ನೋಡಿದರು. "ಮಿಸ್ಟರ್ ಸೆಲ್ವಂ, ಇವರು ಮೈನಸ್ ಮೂವತ್ತರಲ್ಲೇ ಜನರನ್ನ ಕೂರಿಸಿದಾರೆ. ನಮ್ಮದು ಪ್ಲಸ್ ಮೂವತ್ತು. ಯಾವುದು ಕಷ್ಟ, ನೀವೇ ಹೇಳಿ?"

ಸೆಲ್ವಂ ಎತ್ತಿದ ಕೈ ಇಳಿಸಿ ಬೆರಳೆಣಿಸಿ ಲೆಕ್ಕ ಹಾಕತೊಡಗಿದರು. "ಎಕ್ಸ್‌ಪರ್ಟ್ ಹೇಳಿದ ಮೇಲೆ ಕ್ಯಾನ್ ಲಾ, ಮಾಡಬಹುದು" ಎಂದು ಮೇಡಂ ನಕ್ಷೆಗೆ ಠಪ್ಪೆಂದು ಸೀಲು ಒತ್ತಿದರು.

ವಿಠಲನಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಜಾಗ ನೋಡಲು ಅವನು ಮೂರು ಸಲ ಹೋಗಿದ್ದ, ಮೂರು ಸಲವೂ ಆಫೀಸಿನಿಂದ ಬಂದ ಮೇಲೆ, ಕತ್ತಲಾದ ಮೇಲೆ. ಮೂರೂ ದಿನ ಮಳೆ ಬಂದು ನಿಂತಿತ್ತು. ಥಂಡಿ ಗಾಳಿ ಬೀಸುತ್ತಿತ್ತು. ಅವನು ಸ್ವೆಟರಿನ ಗುಂಡಿ ಹಾಕಿಕೊಂಡು, "ಗಾಳಿ ಭಾಳ ಐತಿ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಶಾಸ್ತ್ರ ಪ್ರಕಾರವೇ ನಡೆದ, ಪಾಪ.

ಬೆಂಚಿನ ಉದ್ದ ಮಾತ್ರ ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಅದನ್ನು ಅವನು ತಾನೇ ಅಳೆದು ಗೊತ್ತುಮಾಡಿದ: ಸರಿಯಾಗಿ ಇಬ್ಬರಿಗೆ. ಮೂವರು ಹಿಡಿಯಬಾರದು. ಒಬ್ಬನೇ ಕೂತರೆ ಪಕ್ಕದ ಜಾಗ ಖಾಲಿ ಇದೆ ಎಂದು ದೂರದಿಂದಲೇ ಕಾಣಬೇಕು, ಕಂಡವರು ಬಂದು ಕೂರಬೇಕು. ಹೀಗೆ ಯಾರಾದರೂ ಬಂದು ತನ್ನ ಪಕ್ಕ ಕೂತು "ಊಟ ಆಯ್ತಾ?" ಎನ್ನಲಿ ಎಂಬುದೊಂದೇ ಅವನ ಆಸೆ. ಇದನ್ನು ಅವನು ಸಮಿತಿಗೆ ಹೇಳಲಿಲ್ಲ. ಹೇಳುವಂಥ ವಿಷಯವೂ ಅಲ್ಲ.

ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಉದ್ಘಾಟನೆ. ನಗರಸಭೆಯಿಂದ ಎನ್ಚಿಕ್ ರೊಸ್ಲಿ ಎಂಬ ಅಧಿಕಾರಿ ಫಾರಂ ಹಿಡಿದು ಬಂದಿದ್ದರು. ಕೆಂಪು ರಿಬ್ಬನ್ನು, ಬಟಿಕ್ ಅಂಗಿಗಳು, ಕೀರ್ತಿರಾಜರ ಕ್ಯಾಮರಾ. ವಿಠಲ ಹೆಸರಿಗೆ ತಕ್ಕ ಹಾಗೆ ಕಾಣಲಿ ಎಂದು ಸ್ವೆಟರಿನ ಮೇಲೆ ಕೋಟು ಹಾಕಿ ಲಿಫ್ಟಿನಿಂದ ಹೊರಬಂದ. ಬಂದವನು ಹಾಗೇ ನಿಂತ.

"ಇದೇನ್ರಿ ಇದು?" ಎಂದ ಕೀರ್ತಿರಾಜರಿಗೆ, ಕಣ್ಣಿಗೆ ಕೈ ಅಡ್ಡ ಹಿಡಿದು.

"ಯಾವುದು?"

"ಇದು, ಮ್ಯಾಲಿಂದ ಬೀಳಾಕತ್ತೈತಲ್ರಿ."

"ಬಿಸಿಲು ಮಾರಾಯ್ರೆ!"

ಅಷ್ಟರಲ್ಲಿ ರಿಬ್ಬನ್ನು ಕತ್ತರಿಸಿಯಾಗಿತ್ತು. ರೊಸ್ಲಿ ಚಪ್ಪಾಳೆಯ ನಡುವೆ ಗಂಭೀರವಾಗಿ ಕಪ್ಪು ಬೆಂಚಿನ ಮೇಲೆ ಕೂತರು. ಕೂತರು ಎನ್ನುವುದು ದೊಡ್ಡ ಮಾತು. ಬೆಂಚು ಮುಟ್ಟಿದರು, ಮರುಕ್ಷಣ ಅದಕ್ಕಿಂತ ಎರಡಡಿ ಮೇಲಿದ್ದರು. "ಅಲಾಮಾಕ್!" ಎಂಬ ಉದ್ಗಾರ ಗೋಡೆಗೆ ಬಡಿದು ಮರಳಿ ಬಂತು, ಯಾಕೆಂದರೆ ಗಾಳಿಯಂತೆ ಸದ್ದಿಗೂ ಅಲ್ಲಿಂದ ಹೊರಹೋಗಲು ದಾರಿ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಆದವರು ಮಾದರಿಯಾಗಬೇಕಲ್ಲ, ಮೇಡಂ ಲಿಮ್ ಎದುರಿನ ಬೆಂಚಿನಲ್ಲಿ ಕೂತು ಹಲ್ಲು ಕಚ್ಚಿ ಹನ್ನೊಂದು ಸೆಕೆಂಡು ತಡೆದರು. ಆಮೇಲೆ ಅವರೂ ಎದ್ದರು.

"ನಾನು ಹೇಳ್ಲಿಲ್ವಾ?" ಎಂದರು ಸೆಲ್ವಂ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಅವರ ಹೆಂಡತಿಯೂ ಕಂಡಿರಲಿಲ್ಲವಂತೆ. "ಇಲ್ಲಿ ದೋಸೆ ಹುಯ್ಯಬಹುದು. ಎಣ್ಣೆ ಕೂಡ ಬೇಡ."

ಏಳು ನಿಮಿಷದಲ್ಲಿ ಮೂಲೆ ಖಾಲಿ. ರೊಸ್ಲಿ ಫಾರಮಿನಲ್ಲಿ ಏನೋ ಗೀಚಿ, "ಆರು ವಾರ ಬಿಟ್ಟು ಮತ್ತೆ ಬರ್ತೀನಿ. ಅಷ್ಟರೊಳಗೆ ಒಬ್ಬ ಮನುಷ್ಯನಾದರೂ ಇಲ್ಲಿ ಕೂತಿದ್ದರೆ ನೋಡೋಣ" ಎಂದು, ಸೀಟಿನ ಮೇಲೆ ಕೂರಲೂ ಹೆದರಿದವರ ಹಾಗೆ ಕಾರು ಹತ್ತಿ ಹೋದರು. ಮೇಡಂ ಲಿಮ್ ವಿಠಲನನ್ನು ಹೋಂವರ್ಕ್ ತಾರದವನನ್ನು ನೋಡುವಂತೆ ನೋಡಿದರು. "ಕೂರದಿದ್ದರೆ ಏಪ್ರಿಲ್ ಒಂದಕ್ಕೆ ಚಾವಣಿ ವಾಪಸ್" ಎಂದರು.

ಸಂಜೆಯೊಳಗೆ ಮೂಲೆಗೆ 'ಮೈಕ್ರೋವೇವ್' ಎಂದು ಹೆಸರು ಬಿತ್ತು. ಕಾಂಡೊದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬೆಂಚಿನ ಮೇಲೆ ಮೊಟ್ಟೆ ಒಡೆದ ಫೋಟೊ ಹಾಕಿದರು, ನಲವತ್ತಮೂರು ಜನ ನಕ್ಕರು. ಲಿಫ್ಟಿನಲ್ಲಿ ವಿಠಲನನ್ನು ಕಂಡರೆ ಜನಕ್ಕೆ ನಗು ತಡೆಯುವುದೇ ಕಷ್ಟ, ಅದಕ್ಕೆ ಮುಂದಿನ ಲಿಫ್ಟಿಗೆ ಕಾಯುತ್ತಿದ್ದರು. ಮೊದಲು ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಈಗ ಬೇಕೆಂದೇ ಮಾತಾಡುತ್ತಿರಲಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅವನಿಗೆ ಆ ವಾರ ತಿಳಿಯಿತು. ಆಫೀಸಿನಲ್ಲಿ ಚಂದ್ರಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಅವಳ ಪಕ್ಕಕ್ಕೆ ಅನಿಲನನ್ನು ತರಲು ಕೈಬಾರದೆ ನಕ್ಷೆಯನ್ನು ಹಾಗೇ ಮುಚ್ಚಿಟ್ಟ.

ಮುಂದಿನ ಭಾನುವಾರ ಹತ್ತೂವರೆಗೆ, ತಪ್ಪು ಎಲ್ಲಾಯಿತು ನೋಡೋಣ ಎಂದು ಥರ್ಮಾಮೀಟರು, ಟೇಪು, ಕೊಡೆ ಹಿಡಿದು ಅವನು ಕೆಳಗಿಳಿದ. ಬೆಂಚಿನ ಹತ್ತಿರ ಬಗ್ಗಿದನೋ ಇಲ್ಲವೋ, ಗೋಡೆಯ ಹಿಂದಿನಿಂದ ಗದರಿಕೆ ಬಂತು.

"ಯಾರದು? ಆಚೆ ನಿಲ್ಲಿ! ನೆರಳು ಬೀಳ್ತದೆ!"

ವಿಠಲ ಹಿಂದಕ್ಕೆ ಹಾರಿದ. ಆಗ ನೋಡಿದ: ಎರಡೂ ಬೆಂಚುಗಳ ಮೇಲೆ ಬಿಳಿ ಪಂಚೆ ಹಾಸಿತ್ತು, ಪಂಚೆಯ ತುಂಬ ಸಾಲುಸಾಲಾಗಿ ಅರಳು ಸಂಡಿಗೆ. ಗೋಡೆಯ ಆಚೆಯ ನೆರಳಿನಿಂದ ಅರವತ್ತೆಂಟರ ಸರೋಜಿನಿಯಮ್ಮ, ಕೀರ್ತಿರಾಜರ ತಾಯಿ, ಕೈಯಲ್ಲಿ ಬೀಸಣಿಗೆ ಹಿಡಿದು ಹೊರಬಂದರು.

"ಇಲ್ಲಿ ಬಂದು ಮೂರು ವರ್ಷ ಆಯ್ತು ಮಾರಾಯ್ರೆ, ಒಂದು ಸಂಡಿಗೆ ಒಣಗಿದ್ದು ಗೊತ್ತಿಲ್ಲ" ಎಂದು ಅವರು ಪೀಠಿಕೆಯಿಲ್ಲದೆ ಶುರುಮಾಡಿದರು. "ಬಾಲ್ಕನಿಯಲ್ಲಿ ಇಟ್ರೆ ಬೂಷ್ಟು. ಮಗನ ಅದೆಂತದೋ ಮಶೀನಿನಲ್ಲಿ ಇಟ್ರೆ ಪ್ಲಾಸ್ಟಿಕ್ಕು. ಅಂಗಳದಲ್ಲಿ ಇಡುವ ಅಂದ್ರೆ ಗಾಳಿಗೆ ಮಣ್ಣು ಹಾರ್ತದೆ. ಇಲ್ಲಿ ನೋಡಿ! ಮೇಲಿಂದ ಬಿಸಿಲು, ಕೆಳಗಿಂದ ಕಲ್ಲಿನ ಶಾಖ, ಗಾಳಿಯ ಸುದ್ದಿ ಇಲ್ಲ. ಇದನ್ನು ಕಟ್ಟಿದ ಪುಣ್ಯಾತ್ಮ ಯಾರು?"

ಇದರಲ್ಲೂ ಏನಾದರೂ ಕುಹಕ ಇದ್ದೀತೆಂದು ವಿಠಲ ಒಂದು ಗಳಿಗೆ ಅನುಮಾನಿಸಿದ. "ನಾನ್ರಿ" ಎಂದ ಕೊನೆಗೆ, ಪೊಲೀಸರಿಗೆ ಒಪ್ಪಿಸುವ ದನಿಯಲ್ಲಿ.

"ನೀವಾ? ಲಾಯ್ಕ ಮಾಡಿದ್ದೀರಿ!" ಎಂದರು ಸರೋಜಿನಿಯಮ್ಮ. "ಭಾರೀ ಲಾಯ್ಕ ಮಾಡಿದ್ದೀರಿ."

ಎಂಟು ವರ್ಷದಲ್ಲಿ ಅವನ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ವಿಠಲನ ಕಣ್ಣು ತುಂಬಿತು. ಬಿಸಿಲಿಗೆ ಎಂದು ಕರ್ಚೀಫಿನಿಂದ ಒರೆಸಿಕೊಂಡ, ಮೂಗನ್ನೂ ಒರೆಸಿಕೊಂಡ.

"ಒರೆಸಿ ಆಯ್ತಾ? ಹಾಗಾದ್ರೆ ಆ ಕಡೆ ನಿಲ್ಲಿ. ಮೈನಾ ಹಕ್ಕಿಗಳು ಎರಡು ಕಡೆಯಿಂದ ಬರ್ತವೆ, ನನಗೆ ಒಬ್ಬಳಿಗೆ ಆಗುದಿಲ್ಲ. ಕೊಡೆ ಬಿಡಿಸಿ ಮುಚ್ಚಿ ಮಾಡಿ, ಹೆದರ್ತವೆ."

ಹೀಗೆ ಅಂತರರಾಷ್ಟ್ರೀಯ ತಜ್ಞ ವಿಠಲನಿಗೆ ಸಂಡಿಗೆ ಕಾಯುವ ನೌಕರಿ ಸಿಕ್ಕಿತು. ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ಅವನು, ನಡುವೆ ಎರಡು ಬೆಂಚು ಸಂಡಿಗೆ, ಹನ್ನೆರಡು ಅಡಿ ದೂರ. ಹತ್ತಿರ ಹೋದರೆ ಹಕ್ಕಿಗೆ ದಾರಿ ಬಿಟ್ಟಂತೆ, ಆದ್ದರಿಂದ ಮಾತೆಲ್ಲ ಕೂಗಿಯೇ ಆಡಬೇಕು. "ಮಗ ನಿಲಾಯಿಗೆ ಹೋದ್ರೆ ಬರುವುದು ರಾತ್ರೆ! ಸೊಸೆಗೆ ಆಸ್ಪತ್ರೆ!" ಎಂದು ಅವರು ಅಲ್ಲಿಂದ ಕೂಗಿದರೆ, "ಹೌದ್ರೀ?" ಎಂದು ಇವನು ಇಲ್ಲಿಂದ. "ಮೊಮ್ಮಗಳು ಶ್ರೀಯಾ ನಾನು ಹೇಳಿದ್ದೆಲ್ಲ ಅರ್ಥ ಮಾಡ್ಕೊಳ್ತಾಳೆ, ಇಂಗ್ಲಿಷಲ್ಲಿ ಉತ್ರ ಕೊಡ್ತಾಳೆ! ಅದು ನನಗೆ ಅರ್ಥ ಆಗುದಿಲ್ಲ!" ಮಧ್ಯೆ ಕೊಡೆ ಫಡ್ ಎಂದು ಬಿಡಿಸಿ ಮುಚ್ಚುವುದು. ವಿಠಲ ಆ ದಿನ ಎರಡು ಗಂಟೆಯೊಳಗೆ ಆಡಿದಷ್ಟು ಮಾತು ಹಿಂದಿನ ಒಂದು ವರ್ಷದಲ್ಲಿ ಆಡಿರಲಿಲ್ಲ. ಮಾರನೆಯ ದಿನ ಮಾಮಕ್ ಅಂಗಡಿಯವನಿಗೆ ಗಂಟಲು ಕೂತ ಕಾರಣ ಹೇಳುತ್ತ ಇನ್ನೂ ಆರು ಮಾತಾಡಿದ.

ಸುದ್ದಿ ಮಹಡಿ ಮಹಡಿ ಹತ್ತಿತು. ಎರಡನೆಯ ಭಾನುವಾರ ಸೆಲ್ವಂ ಅವರ ಹೆಂಡತಿ ಮೋರ್ ಮಿಳಗಾಯ್ ತಟ್ಟೆ ಹಿಡಿದು ಬಂದರು, ನಮ್ಮ ಮಜ್ಜಿಗೆ ಮೆಣಸೇ. ಮೂರನೆಯ ವಾರ ಚೀನೀ ಅಜ್ಜಿಯೊಬ್ಬರು ಕಿತ್ತಳೆ ಸಿಪ್ಪೆ ತಂದರು. ನಾಲ್ಕನೆಯ ವಾರ ಮಲಯ್ ಗೃಹಿಣಿಯೊಬ್ಬರು ಒಂದು ಬುಟ್ಟಿ ನೆತ್ತಲಿ ಮೀನು ತಂದಾಗ ಸರೋಜಿನಿಯಮ್ಮ ಎರಡೂ ಕೈ ಅಡ್ಡ ಚಾಚಿ, "ಅದು ಆಚೆ ಬೆಂಚಿಗೆ! ಕಟ್ಟಕಡೆಗೆ!" ಎಂದರು. ಭಾಷೆ ಬಾರದಿದ್ದರೂ ಆ ಕೈ ಎಲ್ಲರಿಗೂ ಅರ್ಥವಾಯಿತು. ವಿಠಲ ಸೀಮೆಸುಣ್ಣ ತಂದು ಕಲ್ಲಿನ ಮೇಲೆ ಗೆರೆ ಎಳೆದು ಸಂಡಿಗೆಗೆ ಇಷ್ಟು, ಮೆಣಸಿಗೆ ಇಷ್ಟು, ಸಿಪ್ಪೆಗೆ ಇಷ್ಟು, ಮೀನಿಗೆ ನಡುವೆ ಒಂದೂವರೆ ಅಡಿ ಗಡಿ ಬಿಟ್ಟು ಅಷ್ಟು ಎಂದು ಹಂಚಿಕೊಟ್ಟ. ಅವನ ಜೀವಮಾನದಲ್ಲಿ ಅವನೇ ಡಿಸೈನ್ ಮಾಡಿ, ಎಲ್ಲರೂ ಒಪ್ಪಿದ ನಕ್ಷೆ ಇದೊಂದೇ.

ಆದರೂ ಒಂದು ಮಾತು ಅವನನ್ನು ಕೊರೆಯುತ್ತಿತ್ತು. ಬೆಂಚಿನ ಮೇಲೆ ಮೆಣಸು ಕೂತಿತು, ಸಿಪ್ಪೆ ಕೂತಿತು, ಮೀನೂ ಕೂತಿತು. ಮನುಷ್ಯರು ಮಾತ್ರ ಕೂರಲಿಲ್ಲ. ತಟ್ಟೆ ಇಟ್ಟವರು ನೆರಳಿಗೆ ಹೋಗುತ್ತಿದ್ದರು, ಒಣಗಿದ ಮೇಲೆ ಎತ್ತಿಕೊಂಡು ಲಿಫ್ಟು ಹತ್ತುತ್ತಿದ್ದರು. ಅಂಥದ್ದರಲ್ಲಿ ಏಪ್ರಿಲ್ ಒಂದು ಹತ್ತಿರ ಬರುತ್ತಿತ್ತು. ಚಾವಣಿ ಬಂದರೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಸಂಡಿಗೆಯಿಲ್ಲ, ಸಂಡಿಗೆಯಿಲ್ಲದಿದ್ದರೆ ಸರೋಜಿನಿಯಮ್ಮ ಏಳನೆಯ ಮಹಡಿಯಲ್ಲಿ, ತಾನು ಹನ್ನೊಂದನೆಯದರಲ್ಲಿ. ಆ ಭಾನುವಾರಗಳಿಲ್ಲದೆ ಹೇಗೆ ಇರುವುದೋ ಅವನಿಗೆ ತಿಳಿಯಲಿಲ್ಲ. ಹೆದರಿಕೆಯಾಯಿತು.

ಮಾರ್ಚ್ ಕೊನೆಯ ಭಾನುವಾರ ಎನ್ಚಿಕ್ ರೊಸ್ಲಿ ಬಂದರು, ಈ ಸಲ ದಪ್ಪ ಬಟ್ಟೆಯ ಪ್ಯಾಂಟು ತೊಟ್ಟು. ಜೊತೆಗೆ ಮೇಡಂ ಲಿಮ್. ಮೂಲೆಯ ಸುತ್ತ ಹದಿನಾಲ್ಕು ಜನ ಇದ್ದರು. ಒಬ್ಬರೂ ಕೂತಿರಲಿಲ್ಲ.

"ಬೆಂಚಿನ ಮೇಲೆ ಎಷ್ಟು ಜನ?" ಎಂದು ರೊಸ್ಲಿ ಫಾರಂ ತೆರೆದರು.

"ಜನ ಇಲ್ರಿ" ಎಂಬುದನ್ನು ವಿಠಲ ಇಂಗ್ಲಿಷಿನಲ್ಲಿ ಹೇಳಿದ. "ಆದರೆ ಜಾಗ ಖಾಲಿ ಇಲ್ಲ. ನಾಲ್ಕು ಮನೆಯ ಅಡುಗೆ ಕೂತಿದೆ."

"ಫಾರಮಿನಲ್ಲಿ ಮನುಷ್ಯರ ಕಾಲಂ ಮಾತ್ರ ಇದೆ, ಮಿಸ್ಟರ್ ವಿಠಲ್."

"ಮನುಷ್ಯರು ಸುತ್ತ ನಿಂತಿದ್ದಾರೆ."

"ನಿಲ್ಲುವುದಕ್ಕೆ ಕಾಲಂ ಇಲ್ಲ."

ಮೇಡಂ ಲಿಮ್ ಗಂಟಲು ಸರಿಮಾಡಿಕೊಂಡು, "ಮಕ್ಕಳು ಕೂಡ ಬೆಂಚಿನ ಮೇಲೆ ನಿಲ್ಲುವುದು ಶಿಕ್ಷೆ ಆದಾಗ ಮಾತ್ರ" ಎಂದು ಯಾರ ಪರವಾಗಿಯೂ ಅಲ್ಲದ ಒಂದು ಮಾತಾಡಿದರು. ಅಷ್ಟರಲ್ಲಿ ನೆತ್ತಿಯ ಮೇಲೆ ಗುಡುಗಿತು. ಪುಚೊಂಗಿನ ಮಳೆಗೆ ಪೀಠಿಕೆ ಇರುವುದಿಲ್ಲ. ಗುಡುಗಿದರೆ ಬಿತ್ತು ಎಂದೇ. ಹದಿನಾಲ್ಕು ಜನ ಒಟ್ಟಿಗೆ ಕೂಗಿಕೊಂಡು ಬೆಂಚಿಗೆ ನುಗ್ಗಿದರು. ಸರೋಜಿನಿಯಮ್ಮ ಪಂಚೆಯ ನಾಲ್ಕು ಮೂಲೆ ಎತ್ತಿದವರು ಕೈಗೆ ಸಿಕ್ಕವರ ಎದೆಗೆ ಅದನ್ನು ಒತ್ತಿ, "ಹಿಡೀರಿ! ಓಡಿ!" ಎಂದರು. ಸಿಕ್ಕವರು ಎನ್ಚಿಕ್ ರೊಸ್ಲಿ. ಅವರಿಗೆ ಕನ್ನಡ ಬಾರದು, ಓಡಿದರು. ಮೀನಿನ ಬುಟ್ಟಿ ಹೊತ್ತು ಮೇಡಂ ಲಿಮ್ ಅವರ ಹಿಂದೆ ಓಡಿದರು.

ಲಾಬಿಯಲ್ಲಿ ಉಸಿರು ಹಿಡಿಯುತ್ತ ರೊಸ್ಲಿ ಗಂಟು ಬಿಚ್ಚಿ ನೋಡಿ, ಒಂದು ಸಂಡಿಗೆ ಎತ್ತಿ ಬಾಯಿಗಿಟ್ಟುಕೊಂಡರು. ಕರಿಯದ ಸಂಡಿಗೆ. ಕಟುಂ ಎಂದಿತು; ಸಂಡಿಗೆಯೋ ಹಲ್ಲೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವರು ಒಂದು ಕೈಯಲ್ಲಿ ಕೆನ್ನೆ ಹಿಡಿದು, ಇನ್ನೊಂದರಲ್ಲಿ ಫಾರಂ ತುಂಬಿದರು: 'ಕೂತವರು: ಇಲ್ಲ. ಓಡಿದವರು: ಹದಿನಾರು.' ತಮ್ಮನ್ನೂ ಮೇಡಂ ಲಿಮ್‌ರನ್ನೂ ಸೇರಿಸಿಕೊಂಡೇ ಬರೆದಿದ್ದರು, ಪ್ರಾಮಾಣಿಕ ಮನುಷ್ಯ. ಸರ್ಟಿಫಿಕೇಟು ಇಲ್ಲ.

"ಬುಧವಾರ ಒಂದನೇ ತಾರೀಕು. ಚಾವಣಿ ಬರ್ತದೆ" ಎಂದರು ಮೇಡಂ ಲಿಮ್. ಯಾರೂ ಜಗಳವಾಡಲಿಲ್ಲ. ಸಂಡಿಗೆಗೆ ಇನ್ನೊಂದು ಮೂಲೆ ಸಿಕ್ಕೀತು, ಮೀನಿಗೆ ಮಾರ್ಕೆಟ್ಟು ಇದೆ. ಅವರವರ ತಟ್ಟೆ ಅವರವರು ಎತ್ತಿಕೊಂಡು ಲಿಫ್ಟು ಹತ್ತಿದರು. ಹತ್ತು ನಿಮಿಷದಲ್ಲಿ ಲಾಬಿಯಲ್ಲಿ ಉಳಿದದ್ದು ವಿಠಲ ಮತ್ತು ನೆಲದ ಮೇಲಿನ ಒದ್ದೆ ಹೆಜ್ಜೆಗಳು.

ಅರ್ಧ ಗಂಟೆಗೆ ಮಳೆ ನಿಂತಿತು. ಗಡಿಬಿಡಿಯಲ್ಲಿ ಕೊಡೆ ಅಲ್ಲೇ ಬಿದ್ದಿತ್ತು, ತರಲು ಹೋದ. ಸೀಮೆಸುಣ್ಣದ ಗೆರೆಗಳು ತೊಳೆದುಹೋಗಿದ್ದವು. ಕಪ್ಪು ಬೆಂಚು ಖಾಲಿಯಾಗಿ ಹೊಳೆಯುತ್ತಿತ್ತು, ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ಇಬ್ಬರಿಗೆ ಅಳೆದು ಮಾಡಿಸಿದ ಬೆಂಚು. ವಿಠಲನಿಗೆ ಅಳು ಬಂತು, ಈ ಸಲ ಬಿಸಿಲೂ ಇರಲಿಲ್ಲ ನೆಪಕ್ಕೆ.

"ನನ್ನದೊಂದು ಬೀಸಣಿಗೆ ಇಲ್ಲೆಲ್ಲೋ ಉಂಟು" ಎನ್ನುತ್ತ ಸರೋಜಿನಿಯಮ್ಮ ನಿಧಾನ ಬಂದರು. ಕಂಕುಳಲ್ಲಿ ಪಂಚೆಯ ಗಂಟು ಇನ್ನೂ ಇತ್ತು. ಬೀಸಣಿಗೆ ಎತ್ತಿಕೊಳ್ಳಲು ಬಗ್ಗಿದವರು ಆಸರೆಗೆ ಬೆಂಚಿನ ಮೇಲೆ ಕೈಯಿಟ್ಟರು. ಇಟ್ಟ ಕೈ ತೆಗೆಯಲಿಲ್ಲ.

"ಬೆಚ್ಚಗುಂಟಲ್ಲ!" ಎಂದು ಸೆರಗಿನಿಂದ ನೀರು ಒರೆಸಿ ಕೂತೇಬಿಟ್ಟರು. "ಅಬ್ಬಬ್ಬ. ಮಳೆ ಬಂದ್ರೆ ನನ್ನ ಮೊಣಗಂಟು ಹಿಡೀತದೆ ಮಾರಾಯ್ರೆ, ಇಲ್ಲಿ ಕೂತ್ರೆ ಎಂತ ಹಾಯಿ! ನೀವು ಎಂತಕ್ಕೆ ನಿಂತಿದ್ದು? ಹಕ್ಕಿ ಇಲ್ಲ ಈಗ. ಕೂತ್ಕೊಳ್ಳಿ."

ವಿಠಲ ಕೂತ. ಕಲ್ಲು ಬೆಳಗಿನಿಂದ ಕುಡಿದ ಬಿಸಿಲನ್ನು ಈಗ ಅಷ್ಟಷ್ಟೇ ಬಿಟ್ಟುಕೊಡುತ್ತಿತ್ತು. ಥಂಡಿ ಗಾಳಿಯನ್ನು ಗೋಡೆ ತಡೆದಿತ್ತು. ಎಂಟು ವರ್ಷ ಅವನು ಬಾಯಿಪಾಠ ಮಾಡಿದ್ದ ಸೂತ್ರಗಳೆಲ್ಲ ಆ ಮೂಲೆಯಲ್ಲಿ ಒಟ್ಟಿಗೆ ನಿಜವಾಗಿದ್ದವು. ಅದನ್ನು ಅವನು ಗಮನಿಸಲಿಲ್ಲ.

"ಬುಧವಾರ ಚಾವಣಿ ಬರ್ತದ್ರಿ" ಎಂದ. "ಇನ್ನ ನಿಮ್ಮ ಸಂಡಿಗಿ ಒಣಗೂದಿಲ್ಲ."

ಸರೋಜಿನಿಯಮ್ಮ ಸ್ವಲ್ಪ ಹೊತ್ತು ಗಂಟನ್ನು ಸರಿಮಾಡಿದರು. "ಒಂದು ವಿಷ್ಯ ಹೇಳ್ತೇನೆ. ಮಗನಿಗೆ ಹೇಳ್ಬೇಡಿ" ಎಂದರು. "ಈ ಸಂಡಿಗೆ ಮೊದಲನೇ ಭಾನುವಾರವೇ ಒಣಗಿದ್ದು. ಟಣ್ ಅಂತ ಒಣಗಿದ್ದು. ಆಮೇಲಿಂದ ವಾರ ವಾರ ಅದನ್ನೇ ಡಬ್ಬಿಯಿಂದ ತೆಗೆದು ತಂದು ಹರಡುದು. ಮತ್ತೆಂತ ಮಾಡುದು? ಸುಮ್ಮನೆ ಬಂದು ಕೂತ್ರೆ ಮುದುಕಿಗೆ ಕೆಲಸ ಇ‌ಲ್ಲ ಅಂತಾರೆ."

"ಗೊತ್ತೈತ್ರಿ" ಎಂದ ವಿಠಲ.

"ಎಂತ ಗೊತ್ತುಂಟು?"

"ಮೂರನೇ ಸಾಲಿನಾಗ ಎಡಕಿನ ತುದೀದು, ಅದರ ಕಿವಿ ಮುರದೈತ್ರಿ. ನಕ್ಷಾ ಬರಿಯೂ ಮನಶ್ಯಾ ನಾನು, ಒಮ್ಮಿ ನೋಡಿದ ಗೆರಿ ಮರಿಯಂಗಿಲ್ಲ. ಎರಡನೇ ವಾರದಿಂದ ಅದನ್ನ ಕಾಯಾಕತ್ತೇನ್ರಿ."

ಸರೋಜಿನಿಯಮ್ಮ ಅವನ ಮುಖ ನೋಡಿದರು. ಗಂಟು ಬಿಚ್ಚಿ, ಹುಡುಕಿ, ಆ ಕಿವಿ ಮುರಿದ ಸಂಡಿಗೆಯನ್ನು ಎತ್ತಿ ಬೇರೆಯಾಗಿ ಸೆರಗಿಗೆ ಕಟ್ಟಿಕೊಂಡರು. ಬೆಂಚಿನ ಆ ಬದಿ ಈ ಬದಿ ಕೂತ ಇಬ್ಬರ ನಡುವೆ ಒಂದು ಗೇಣು ಜಾಗವಿತ್ತು, ಕೂಗುವ ಅಗತ್ಯವಿರಲಿಲ್ಲ.

"ಚಾವಣಿ ಬರ್ಲಿ ಬಿಡಿ, ನೆರಳಾಗ್ತದೆ" ಎಂದರು ಮೆಲ್ಲಗೆ. "ಬರುವ ಭಾನುವಾರ ಇದನ್ನ ಕರಿದು ತರ್ತೇನೆ. ಕಾಫಿ ಜೊತೆ."

"ಎಷ್ಟ ಗಂಟೇಕ ಬರ್ಲ್ರಿ?" ಎಂದು ಕೇಳಿದ ವಿಠಲ.